ಗಾಜಿನ ತೊಟ್ಟಿಯ ಮೀನಿಗೆ ನೀರಿನ ನಿರ್ವಹಣೆ

ಬಳ್ಳಾರಿಯ ಸತ್ಯನಾರಾಯಣಪೇಟೆಯಂತಹ ಬಡಾವಣೆಗಳಲ್ಲಿ ಅಲಂಕಾರಿಕ ಮೀನು ಸಾಕುವ ಮನೆಗಳುಂಟು. ಹೊಸ ತೊಟ್ಟಿಯ ತಿಳಿನೀರಿನಲ್ಲಿಯೂ ಮೀನುಗಳು ಕೆಲವೇ ದಿನಗಳಲ್ಲಿ ಸಾಯುವುದಕ್ಕೆ ಬಹುಮಟ್ಟಿಗೆ ಅಮೋನಿಯಾ ಕಾರಣ.

ಹೊಲಕ್ಕೆ ಹಾಕಿದ ಯೂರಿಯಾ ಮೊದಲು ಅಮೋನಿಯಂ ಆಗಿ, ಬಳಿಕ ಬ್ಯಾಕ್ಟೀರಿಯಾಗಳಿಂದ ನೈಟ್ರೈಟ್, ನೈಟ್ರೇಟ್ ರೂಪ ತಾಳುತ್ತದೆ. ತೊಟ್ಟಿಯಲ್ಲಿಯೂ ಇದೇ ಕ್ರಿಯೆ ನಡೆಯುತ್ತದೆ. ಮೀನಿನ ಕಿವಿರುಗಳಿಂದಲೂ ಕೊಳೆತ ಆಹಾರದಿಂದಲೂ ಬರುವ ಅಮೋನಿಯಾ ಹಾಗೂ ಅದರಿಂದಾಗುವ ನೈಟ್ರೈಟ್ ವಿಷಕಾರಿ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ. ಈ ಬ್ಯಾಕ್ಟೀರಿಯಾಗಳು ಜಲ್ಲಿ ಮತ್ತು ಶೋಧಕದಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ 4 ರಿಂದ 6 ವಾರ ಬೇಕು.

ನೀರಿನ ರಸಸಾರ 7 ರಿಂದ 8ಕ್ಕೆ ಏರಿದರೆ ಅಮೋನಿಯಾದ ವಿಷಕಾರಿ ಅಂಶ ಸುಮಾರು 10 ಪಟ್ಟಾಗುತ್ತದೆ. ಉಷ್ಣತೆ ಏರಿದಂತೆ ಇನ್ನೂ ಹೆಚ್ಚುತ್ತದೆ. ಆದುದರಿಂದ ಕ್ಷಾರಯುಕ್ತ ಕೊಳವೆ ಬಾವಿ ನೀರು ಬಳಸುವವರು ಬಳ್ಳಾರಿಯ ಬೇಸಿಗೆಯಲ್ಲಿ ವಿಶೇಷ ಎಚ್ಚರ ವಹಿಸಬೇಕು.

ಆರಂಭದಲ್ಲಿ ಒಂದೆರಡು ಮೀನುಗಳನ್ನು ಮಾತ್ರ ಬಿಡಬೇಕು. ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಆಹಾರ ಕೊಡಬೇಕು. ನೀರನ್ನೆಲ್ಲ ಒಮ್ಮೆಗೇ ಚೆಲ್ಲದೆ, ವಾರಕ್ಕೊಮ್ಮೆ ಕಾಲು ಭಾಗ ಬದಲಿಸಬೇಕು. ನಲ್ಲಿ ನೀರಾದರೆ ಕ್ಲೋರಿನ್ ಆರಿಹೋಗಲು ಅಗಲವಾದ ತೆರೆದ ಪಾತ್ರೆಯಲ್ಲಿ ಒಂದು ದಿನ ಇಡಬೇಕು. ಶೋಧಕವನ್ನು ನಲ್ಲಿ ನೀರಿನಲ್ಲಿ ತೊಳೆದರೆ ಉಪಯುಕ್ತ ಬ್ಯಾಕ್ಟೀರಿಯಾಗಳು ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಜಾಲಾಡಬೇಕು. ಉಪ್ಪು, ಔಷಧಿ ಬೆರೆಸಿರದಿದ್ದರೆ ಈ ನೀರನ್ನು ಹೂಗಿಡಗಳಿಗೆ ಹಾಕಬಹುದು. ಅದರಲ್ಲಿರುವ ನೈಟ್ರೇಟ್ ಗೊಬ್ಬರವಾಗುತ್ತದೆ.