ಮರೆಯದ ಪರಿಸರ

ಬಾದಾಮಿ ಹತ್ತಿರದ ಮಹಾಕೂಟ, ವಿಷ್ಣು ಪುಷ್ಕರಣಿ. ಬುಗ್ಗೆ ನೀರು, ಸುತ್ತ ಕಲ್ಲಿನ ಗೋಡೆ. ಇಲ್ಲಿ ಮುಳುಗು ಹಾಕಿದರೆ ಎದ್ದ ಅಲೆ ಗೋಡೆಗೆ ಬಡಿದು ನಿಮ್ಮ ಮೈಗೇ ಮರಳುತ್ತದೆ. ತೀರವೇ ಕಾಣದ ಸಮುದ್ರದಲ್ಲಾದರೆ ಹೋದ ಅಲೆ ಹೋದಂತೆಯೇ.

ಕ್ವಾಂಟಂ ಕಣವೂ ಒಂಟಿಯಲ್ಲ. ಸುತ್ತಲಿನ ಬೆಳಕಿಗೆ, ಶಾಖಕ್ಕೆ, ಪಕ್ಕದ ಪರಮಾಣುಗಳಿಗೆ ಅದರ ಮಾಹಿತಿ ಸೋರುತ್ತಲೇ ಇರುತ್ತದೆ. ಆ ಸಮುದ್ರದ ಹಾಗೆ ಪರಿಸರ ಅದನ್ನು ಕೂಡಲೇ ಮರೆತರೆ ಲೆಕ್ಕ ಸುಲಭ. ಅದರ ಸಮೀಕರಣ 1976ರಲ್ಲೇ ಸಿಕ್ಕಿತು; ಕಂಡುಕೊಂಡವರಲ್ಲಿ ನಮ್ಮ ಭೌತವಿಜ್ಞಾನಿ ಇ.ಸಿ.ಜಿ. ಸುದರ್ಶನ್ ಒಬ್ಬರು.

ಪರಿಸರ ಮರೆಯದಿದ್ದರೆ? ಪುಷ್ಕರಣಿಯ ಅಲೆಯಂತೆ, ಸೋರಿದ್ದರಲ್ಲಿ ಒಂದಿಷ್ಟು ವಾಪಸ್ ಬರುತ್ತದೆ! ಆಗ ಕಣದ ಈಗಿನ ಸ್ಥಿತಿ ತಿಳಿದರಷ್ಟೇ ಸಾಲದು, ಹಿಂದೆ ನಡೆದದ್ದೂ ಬೇಕು.

ಈ ನೆನಪನ್ನು ಪತ್ತೆಹಚ್ಚುವ ಒಂದು ಚೆಂದದ ದಾರಿಯನ್ನು 2009ರಲ್ಲಿ ಭೌತವಿಜ್ಞಾನಿಗಳಾದ ಬ್ರಾಯರ್, ಲೈನೆ, ಪೀಲೊ ತೋರಿಸಿದರು. ಕಣದ ಎರಡು ಬೇರೆ ಸ್ಥಿತಿಗಳಿಂದ ಶುರುಮಾಡಿ, ಅವುಗಳ ನಡುವಿನ ವ್ಯತ್ಯಾಸ ಅಳೆಯುತ್ತಾ ಹೋಗಿ. ನೆನಪಿಲ್ಲದ ಪರಿಸರದಲ್ಲಿ ಆ ವ್ಯತ್ಯಾಸ ಎಂದೂ ಹೆಚ್ಚುವುದಿಲ್ಲ. ನಡುವೆ ಎಲ್ಲಾದರೂ ಹೆಚ್ಚಿತೋ, ಮಾಹಿತಿ ಮರಳಿದೆ ಎಂದೇ ಅರ್ಥ.

ನಮ್ಮಲ್ಲೂ ಈ ಹುಡುಕಾಟ ನಡೆದಿದೆ. ಕಣಕ್ಕೂ ಪರಿಸರಕ್ಕೂ ಮೊದಲಿನಿಂದಲೇ ನಂಟಿದ್ದರೆ ಏನಾಗುತ್ತದೆ? ಬೆಂಗಳೂರು ವಿಶ್ವವಿದ್ಯಾಲಯದ ಎ.ಆರ್. ಉಷಾದೇವಿ, ಕುವೆಂಪು ವಿಶ್ವವಿದ್ಯಾಲಯದ ಸುಧಾ ಅವರು ಎ.ಕೆ. ರಾಜಗೋಪಾಲ್ ಜೊತೆ 2011ರಲ್ಲಿ ಪ್ರಕಟಿಸಿದ ಪ್ರಬಂಧ ಇದೇ ಪ್ರಶ್ನೆಯನ್ನು ಎತ್ತಿಕೊಂಡಿತು.