ಗೇಮ್ ಹೋಯಿತು, ಕೆಸರು ಉಳಿಯಿತು

ಸೆಮಿಸ್ಟರ್ ಕೊನೆಗೆ ಬಂದಂತೆ ಹಾಸ್ಟೆಲ್ ರೂಮುಗಳಲ್ಲಿ ಕೇಳಿಬರುವ ಮಾತು ಇದು: "ಲ್ಯಾಪ್‌ಟಾಪ್‌ನ್ಯಾಗ ಜಾಗಾನೇ ಇಲ್ಲ ದೋಸ್ತ, ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗವಲ್ದು." "ಗೇಮ್ ತೆಗಿ ಮತ್ತ." "ತೆಗೆದೀನಿ. ಆದ್ರೂ ಪೂರ್ತಿ ಜಾಗಾ ಬಂದಿಲ್ಲ." 256 ಜಿಬಿ ಎಸ್‌ಎಸ್‌ಡಿಯಲ್ಲಿ ವಿಂಡೋಸ್, ಮ್ಯಾಟ್‌ಲ್ಯಾಬ್, ಆಟೋಕ್ಯಾಡ್, ಆಂಡ್ರಾಯ್ಡ್ ಸ್ಟುಡಿಯೋ ಎಲ್ಲ ಕೂತ ಮೇಲೆ ಒಂದೊಂದು ಜಿಬಿಗೂ ಬೆಲೆ ಇದೆ. ಹಾಗಾದರೆ ಗೇಮ್ ತೆಗೆದ ಮೇಲೂ ಉಳಿದದ್ದು ಏನು? ಅದು ಎಲ್ಲಿದೆ?

ಅಫಜಲಪುರ ತಾಲೂಕಿನ ಸೊನ್ನದಲ್ಲಿ ಭೀಮಾ ನದಿಗೆ ಕಟ್ಟಿದ ಬ್ಯಾರೇಜ್ ನಿಮಗೆ ಗೊತ್ತಿರಬಹುದು. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಬಂದದ್ದು ಅಫಜಲಪುರ, ಜೇವರ್ಗಿ ಕಡೆಯ ಗೆಳೆಯರಿಗೆ ಇನ್ನೂ ನೆನಪಿರುತ್ತದೆ. ನೀರು ಇಳಿದ ಕೂಡಲೇ ಮನೆ ಮೊದಲಿನಂತೆ ಆಗುವುದಿಲ್ಲ. ಕೆಸರು ಉಳಿದಿರುತ್ತದೆ. ಆ ಕೆಸರಿನಲ್ಲೇ ಮನೆಯವರ ಪಾತ್ರೆ, ಪೆಟ್ಟಿಗೆ, ಕಾಗದಪತ್ರ ಕೂಡ ಇರುತ್ತವೆ. ಸಲಿಕೆ ಹಾಕಿ ಎಲ್ಲವನ್ನೂ ಒಮ್ಮೆಲೆ ಹೊರಗೆ ಚೆಲ್ಲಂಗಿಲ್ಲ, ನೋಡಿ ನೋಡಿ ತೆಗೀಬೇಕು. ಗೇಮ್ ತೆಗೆದ ಮೇಲಿನ ಡಿಸ್ಕಿನ ಕಥೆಯೂ ಹಿಂಗೇ ಅದ.

ಅನ್‌ಇನ್‌ಸ್ಟಾಲರ್ ಯಾಕೆ ಬಿಟ್ಟು ಹೋಗುತ್ತದೆ?

ಗೇಮ್ ಇನ್‌ಸ್ಟಾಲ್ ಆಗುವಾಗ ಯಾವ ಫೈಲನ್ನು ಎಲ್ಲಿ ಇಟ್ಟೆ ಎಂಬುದನ್ನು ಇನ್‌ಸ್ಟಾಲರ್ ಬರೆದಿಡುತ್ತದೆ. ಕಿರಾಣಿ ಅಂಗಡಿಯ ಕಿರ್ದಿ ಪುಸ್ತಕ ಇದ್ದಂಗೆ. ಹಲವು ಗೇಮ್‌ಗಳ ಫೋಲ್ಡರಿನಲ್ಲಿ 'ಅನ್‌ಇನ್ಸ್000' ಎಂಬ ಹೆಸರಿನ ಎರಡು ಫೈಲ್ ಕಾಣುತ್ತವಲ್ಲ, ಅದರಲ್ಲಿ ಒಂದು ತೆಗೆಯುವ ಪ್ರೋಗ್ರಾಂ, ಇನ್ನೊಂದು ಈ ಕಿರ್ದಿ. ತೆಗೆಯುವಾಗ ಕಿರ್ದಿಯಲ್ಲಿ ಇದ್ದದ್ದನ್ನು ಮಾತ್ರ ತೆಗೆಯುತ್ತದೆ.

ಆದರೆ ನೀವು ಆಡುತ್ತಾ ಹೋದಂತೆ ಹೊಸ ಫೈಲುಗಳು ಹುಟ್ಟುತ್ತವೆ: ಸೇವ್ ಫೈಲು, ಸೆಟ್ಟಿಂಗ್ಸ್, ಸ್ಕ್ರೀನ್‌ಶಾಟ್, ಕ್ರ್ಯಾಶ್ ಆದಾಗಿನ ಡಂಪ್, ಗ್ರಾಫಿಕ್ಸ್‌ನ ಶೇಡರ್ ಕ್ಯಾಶ್, ನೀವೇ ತಂದು ಹಾಕಿದ ಮಾಡ್‌ಗಳು. ಇವು ಯಾವುವೂ ಆ ಪುಸ್ತಕದಲ್ಲಿ ಇರುವುದಿಲ್ಲ. ಅದಕ್ಕೇ ಉಳಿಯುತ್ತವೆ.

"ಫೋಲ್ಡರ್ ಪೂರ್ತಿ ಅಳಿಸಿಬಿಟ್ರೆ ಆಗ್ತಿತ್ತಲ್ಲ" ಅಂತ ಅನ್ನಿಸಬಹುದು. ಒಂದು ಗೇಮ್ ಹಾಗೆ ಮಾಡಿ ನೋಡಿದೆ. 1998ರ ಕೊನೆಗೆ ಬಂಜೀ ಕಂಪನಿಯ 'ಮಿಥ್ 2: ಸೋಲ್‌ಬ್ಲೈಟರ್' ಬಂತು. ಅದರ ಅನ್‌ಇನ್‌ಸ್ಟಾಲರ್ ಕಿರ್ದಿ ನೋಡದೆ, ತಾನು ಕೂತ ಫೋಲ್ಡರನ್ನು ಒಳಗಿದ್ದದ್ದರ ಸಮೇತ ಅಳಿಸುತ್ತಿತ್ತು. ಯಾರಾದರೂ ಬೇರೆ ಫೋಲ್ಡರ್ ಮಾಡದೆ ನೇರವಾಗಿ ಡ್ರೈವಿನಲ್ಲೇ ಗೇಮ್ ಹಾಕಿದ್ದರೆ, ಗೇಮ್ ಜೊತೆ ಆ ಡ್ರೈವಿನಲ್ಲಿ ಇದ್ದದ್ದೆಲ್ಲ ಹೋಗುವ ಅಪಾಯ. ಬಂಜೀ ಡಿಸ್ಕ್‌ಗಳನ್ನು ವಾಪಸ್ ತರಿಸಿಕೊಳ್ಳಬೇಕಾಯಿತು; ಅದಕ್ಕೆ ಸುಮಾರು 8 ಲಕ್ಷ ಡಾಲರ್ ಖರ್ಚಾಯಿತು.

ಅಂದರೆ ಅನ್‌ಇನ್‌ಸ್ಟಾಲರ್ ಬಿಟ್ಟು ಹೋಗುವುದು ಸೋಮಾರಿತನದಿಂದಲ್ಲ. ಯಾವುದು ನಿಮ್ಮದು, ಯಾವುದು ತನ್ನದು ಎಂದು ಅದಕ್ಕೆ ಖಚಿತವಾಗಿ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಅದು ಮುಟ್ಟುವುದಿಲ್ಲ. ಆ ತೀರ್ಮಾನ ನಾವೇ ಮಾಡಬೇಕು.

ಎಲ್ಲೆಲ್ಲಿ ಹುಡುಕಬೇಕು?

ವಿಂಡೋಸ್ ಕೀ ಜೊತೆ ಆರ್ ಒತ್ತಿದರೆ ರನ್ ಬಾಕ್ಸ್ ಬರುತ್ತದೆ. ಅದರಲ್ಲಿ ಎರಡು ಪರ್ಸೆಂಟ್ ಚಿಹ್ನೆಗಳ ನಡುವೆ 'ಆ್ಯಪ್‌ಡೇಟಾ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ರೋಮಿಂಗ್ ಎಂಬ ಫೋಲ್ಡರ್ ತೆರೆಯುತ್ತದೆ. ಒಂದು ಮೆಟ್ಟಿಲು ಮೇಲೆ ಹೋದರೆ ಅದರ ಪಕ್ಕದಲ್ಲೇ ಲೋಕಲ್ ಮತ್ತು ಲೋಕಲ್‌ಲೋ ಇರುತ್ತವೆ. ಹೆಚ್ಚಿನ ಕೆಸರು ಈ ಮೂರರಲ್ಲೇ.

- ಲೋಕಲ್: ಅನ್‌ರಿಯಲ್ ಎಂಜಿನ್‌ನಲ್ಲಿ ಮಾಡಿದ ಗೇಮ್‌ಗಳು ಸಾಮಾನ್ಯವಾಗಿ ಇಲ್ಲಿ ಗೇಮ್ ಹೆಸರಿನ ಫೋಲ್ಡರ್ ಮಾಡಿ, ಒಳಗೆ 'ಸೇವ್ಡ್' ಎಂಬುದರಲ್ಲಿ ಸೇವ್, ಲಾಗ್, ಕ್ರ್ಯಾಶ್ ಎಲ್ಲ ಇಡುತ್ತವೆ.
- ಲೋಕಲ್‌ಲೋ: ಯುನಿಟಿ ಎಂಜಿನ್‌ನ ಗೇಮ್‌ಗಳ ಜಾಗ. ಮೊದಲು ಕಂಪನಿ ಹೆಸರು, ಅದರೊಳಗೆ ಗೇಮ್ ಹೆಸರು.
- ರೋಮಿಂಗ್: ಮೈನ್‌ಕ್ರಾಫ್ಟ್ ಜಾವಾ ಆವೃತ್ತಿಯ ಫೋಲ್ಡರ್ ಇಲ್ಲಿದೆ. ನೀವು ಕಟ್ಟಿದ ಲೋಕಗಳೂ ಅದರೊಳಗೇ.
- ಡಾಕ್ಯುಮೆಂಟ್ಸ್: 'ಮೈ ಗೇಮ್ಸ್' ಎಂಬ ಫೋಲ್ಡರ್ ನೋಡಿ. ಜಿಟಿಎ ವೈಸ್ ಸಿಟಿ ಆಡಿದವರಿಗೆ 'ಜಿಟಿಎ ವೈಸ್ ಸಿಟಿ ಯೂಸರ್ ಫೈಲ್ಸ್' ಇಲ್ಲೇ ಸಿಗುತ್ತದೆ. ಯೂಸರ್ ಫೋಲ್ಡರಿನಲ್ಲಿ 'ಸೇವ್ಡ್ ಗೇಮ್ಸ್' ಅಂತ ಇನ್ನೊಂದು ಇರುತ್ತದೆ.
- ಪ್ರೋಗ್ರಾಂಡೇಟಾ: ಸಿ ಡ್ರೈವಿನಲ್ಲಿ ಅಡಗಿರುವ ಫೋಲ್ಡರ್. ಲಾಂಚರ್‌ಗಳು, ಎಮ್ಯುಲೇಟರ್‌ಗಳು ಇಲ್ಲಿ ಫೈಲ್ ಇಡುತ್ತವೆ.
- ಸ್ಟೀಮ್: 'ಸ್ಟೀಮ್‌ಆ್ಯಪ್ಸ್' ಒಳಗಿನ 'ಕಾಮನ್' ಫೋಲ್ಡರಿನಲ್ಲಿ ತೆಗೆದ ಗೇಮ್‌ನ ಹೆಸರು ಇನ್ನೂ ಇದ್ದರೆ, ಒಳಗೆ ಮಾಡ್‌ಗಳೋ ಹಳೆಯ ಸೆಟ್ಟಿಂಗ್ಸೋ ಉಳಿದಿವೆ ಎಂದರ್ಥ. 'ಶೇಡರ್‌ಕ್ಯಾಶ್', 'ವರ್ಕ್‌ಶಾಪ್' ಕೂಡ ನೋಡಿ. ಅಲ್ಲಿ ಹೆಸರಿನ ಬದಲು ನಂಬರ್ ಇರುತ್ತದೆ. ಕೌಂಟರ್ ಸ್ಟ್ರೈಕ್‌ದು 730, ಡೋಟಾ 2ರದು 570. ಬೇರೆ ಗೇಮ್‌ನ ನಂಬರ್ ಬೇಕಿದ್ದರೆ ಸ್ಟೀಮ್ ಅಂಗಡಿಯಲ್ಲಿ ಆ ಗೇಮ್ ಪುಟದ ವಿಳಾಸದಲ್ಲೇ ಇದೆ.

ಬಹಳ ಹಳೆಯ ಗೇಮ್ ಆಡುವವರು ಲೋಕಲ್ ಒಳಗಿನ 'ವರ್ಚುವಲ್‌ಸ್ಟೋರ್' ಕೂಡ ನೋಡಬೇಕು. ಪ್ರೋಗ್ರಾಂ ಫೈಲ್ಸ್ ಒಳಗೆ ಬರೆಯಲು ಹೋಗುವ ಹಳೆಯ ಪ್ರೋಗ್ರಾಂಗಳ ಫೈಲುಗಳನ್ನು ವಿಂಡೋಸ್ ವಿಸ್ಟಾ ಕಾಲದಿಂದ ಸಿಸ್ಟಮ್ ಸದ್ದಿಲ್ಲದೆ ಇಲ್ಲಿಗೆ ತಿರುಗಿಸುತ್ತದೆ.

ಯಾವುದು ಕೆಸರು, ಯಾವುದು ಪಾತ್ರೆ?

ಫೋಲ್ಡರ್ ಸಿಕ್ಕಿತು ಅಂತ ಡಿಲೀಟ್ ಒತ್ತಬೇಡಿ. ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಅಳಿದರೆ ಕಂಪ್ಯೂಟರ್ ತಾನೇ ಮತ್ತೆ ಮಾಡಿಕೊಳ್ಳುತ್ತದೋ, ಇಲ್ಲವೋ?

ಶೇಡರ್ ಕ್ಯಾಶ್, ಲಾಗ್, ಕ್ರ್ಯಾಶ್ ಡಂಪ್, ಅರ್ಧಕ್ಕೆ ನಿಂತ ಡೌನ್‌ಲೋಡ್ ಇವೆಲ್ಲ ಮತ್ತೆ ಹುಟ್ಟುವಂಥವು. ಬಿಂದಾಸ್ ತೆಗೀರಿ.

ಸೇವ್ ಫೈಲು, ಸ್ಕ್ರೀನ್‌ಶಾಟ್, ಮೈನ್‌ಕ್ರಾಫ್ಟ್ ಲೋಕ ಇವು ಮತ್ತೆ ಹುಟ್ಟುವುದಿಲ್ಲ. ಎರಡು ವರ್ಷದ ರಾತ್ರಿಗಳು ಅವುಗಳಲ್ಲಿ ಇರುತ್ತವೆ. ಸೇವ್ ಫೈಲುಗಳು ಸಾಮಾನ್ಯವಾಗಿ ಬಹಳ ಚಿಕ್ಕವು. ಅವನ್ನು ಅಳಿಸಿ ಸಿಗುವ ಜಾಗ ಅಷ್ಟಕ್ಕಷ್ಟೇ. ಪೆನ್‌ಡ್ರೈವ್‌ಗೆ ನಕಲು ಮಾಡಿ ಇಟ್ಟುಕೊಳ್ಳಿ. "ಸ್ಟೀಮ್ ಕ್ಲೌಡ್‌ನ್ಯಾಗ ಇರ್ತಾವ ಬಿಡು" ಅಂತ ನಂಬಿ ಕೂರಬೇಡಿ, ಎಲ್ಲ ಗೇಮ್‌ಗೂ ಆ ಸೌಲಭ್ಯ ಇಲ್ಲ.

ಮೂರನೆಯದು, ಗೇಮ್ ಜೊತೆ ಬಂದರೂ ಗೇಮ್‌ನದಲ್ಲದ ವಸ್ತು. ವಿಶುವಲ್ ಸಿ++ ರೀಡಿಸ್ಟ್ರಿಬ್ಯೂಟಬಲ್, ಡೈರೆಕ್ಟ್‌ಎಕ್ಸ್ ಇಂಥವು. ಆ್ಯಪ್ ಪಟ್ಟಿಯಲ್ಲಿ ವಿಶುವಲ್ ಸಿ++ ಬೇರೆ ಬೇರೆ ವರ್ಷದ ಹೆಸರಲ್ಲಿ ಏಳೆಂಟು ಕಂಡರೂ ಅವು ಡುಪ್ಲಿಕೇಟ್ ಅಲ್ಲ. ನಿಮ್ಮ ಲ್ಯಾಬ್ ಸಾಫ್ಟ್‌ವೇರ್ ಕೂಡ ಅದರ ಮೇಲೆಯೇ ನಿಂತಿರಬಹುದು. ಮುಟ್ಟಬೇಡಿ.

ಜಾಗಕ್ಕಿಂತ ದೊಡ್ಡ ವಿಷಯ

ಉಳಿಯುವುದು ಬರೀ ಸತ್ತ ಫೈಲುಗಳಷ್ಟೇ ಅಲ್ಲ, ಓಡುತ್ತಿರುವ ಪ್ರೋಗ್ರಾಂ ಕೂಡ ಉಳಿಯಬಹುದು. 2020ರಲ್ಲಿ ಬಂದ ವ್ಯಾಲರಂಟ್ ನೋಡಿ. ಮೋಸ ತಡೆಯಲು ಅದರ ಜೊತೆ ವ್ಯಾನ್‌ಗಾರ್ಡ್ ಎಂಬ ಬೇರೆ ಪ್ರೋಗ್ರಾಂ ಬರುತ್ತದೆ. ಅದರ ಒಂದು ಭಾಗ ಡ್ರೈವರ್ ಆಗಿ ವಿಂಡೋಸ್‌ನ ಕರ್ನಲ್ ಮಟ್ಟದಲ್ಲಿ ಕೆಲಸ ಮಾಡುತ್ತದೆ, ಕಂಪ್ಯೂಟರ್ ಶುರುವಾಗುವಾಗಲೇ ಏಳುತ್ತದೆ. ಆಪರೇಟಿಂಗ್ ಸಿಸ್ಟಮ್ ಪಾಠದಲ್ಲಿ ಕರ್ನಲ್ ಮೋಡ್, ಯೂಸರ್ ಮೋಡ್ ಅಂತ ಓದ್ತೀವಲ್ಲ, ಅದೇ ಕರ್ನಲ್. ವ್ಯಾಲರಂಟ್ ತೆಗೆದ ಮಾತ್ರಕ್ಕೆ ವ್ಯಾನ್‌ಗಾರ್ಡ್ ಹೋಗುವುದಿಲ್ಲ. ಆ್ಯಪ್ ಪಟ್ಟಿಯಲ್ಲಿ ಅದರ ಹೆಸರು ಹುಡುಕಿ ಬೇರೆಯಾಗಿ ತೆಗೆಯಬೇಕು. 2024ರಿಂದ ಲೀಗ್ ಆಫ್ ಲೆಜೆಂಡ್ಸ್‌ಗೂ ಅದು ಬೇಕು, ಹಾಗಾಗಿ ಅದನ್ನು ಆಡುವವರು ಇಟ್ಟುಕೊಳ್ಳಿ. ಆಡದ ಗೇಮ್‌ನ ಕಾವಲುಗಾರನಿಗೆ ಮನೆಯ ಒಳಕೋಣೆಯ ಕೀಲಿ ಯಾಕೆ ಕೊಟ್ಟಿರಬೇಕು?

ರಿಜಿಸ್ಟ್ರಿ ಮತ್ತು 'ಒಂದೇ ಕ್ಲಿಕ್' ಕ್ಲೀನರ್‌ಗಳು

ರಿಜಿಸ್ಟ್ರಿಯಲ್ಲೂ ಗೇಮ್ ಹೆಸರು ಉಳಿದಿರುತ್ತದೆ. ಆದರೆ ಅದು ನಾಲ್ಕಾರು ಸಾಲಿನ ಬರಹ. ತೆಗೆದರೆ ಜಾಗವೂ ಸಿಗದು, ವೇಗವೂ ಹೆಚ್ಚದು. ತಪ್ಪು ಸಾಲು ತೆಗೆದರೆ ವಿಂಡೋಸ್ ಏಳದೇ ಇರಬಹುದು. ರಿಜಿಸ್ಟ್ರಿ ಕ್ಲೀನರ್‌ಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿದೆ. ಗೇಮ್ ಮತ್ತೆ ಇನ್‌ಸ್ಟಾಲ್ ಆಗದೆ "ಈಗಾಗಲೇ ಇದೆ" ಅಂತ ಹಟ ಹಿಡಿದರೆ ಮಾತ್ರ ಅಲ್ಲಿಗೆ ಹೋಗಿ. ಹೋಗುವ ಮೊದಲು ಎಕ್ಸ್‌ಪೋರ್ಟ್ ಮಾಡಿ ಪ್ರತಿ ಇಟ್ಟುಕೊಳ್ಳಿ.

ಕ್ಲೀನರ್‌ಗಳನ್ನು ಕಣ್ಣುಮುಚ್ಚಿ ನಂಬುವುದಕ್ಕೂ ಮೊದಲು ಒಂದು ಸಂಗತಿ ನೆನಪಿಡಿ. 2017ರಲ್ಲಿ ಹೆಸರುವಾಸಿ ಸಿಕ್ಲೀನರ್‌ನ 5.33 ಆವೃತ್ತಿಯೊಳಗೆ ದುಷ್ಕರ್ಮಿಗಳು ಮಾಲ್‌ವೇರ್ ಸೇರಿಸಿದ್ದರು. ಕಂಪನಿಯ ಅಧಿಕೃತ ಡೌನ್‌ಲೋಡ್‌ನಲ್ಲೇ ಅದು ಬಂತು, ಸುಮಾರು 22.7 ಲಕ್ಷ ಕಂಪ್ಯೂಟರ್‌ಗಳಿಗೆ ಆ ಆವೃತ್ತಿ ತಲುಪಿತ್ತು.

ಕೆಲಸದ ಕ್ರಮ

1. ಮೊದಲು ಸೇವ್ ಫೈಲುಗಳ ನಕಲು ತೆಗೆದಿಡಿ.
2. ಗೇಮ್ ಬಂದ ದಾರಿಯಲ್ಲೇ ಅದನ್ನು ಕಳಿಸಿ. ಸ್ಟೀಮ್‌ನಿಂದ ಬಂದದ್ದು ಸ್ಟೀಮ್‌ನಿಂದ, ಉಳಿದವು ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟಿಯಿಂದ. ಮೊದಲೇ ಫೋಲ್ಡರ್ ಅಳಿಸಿದರೆ ಅದರೊಳಗಿನ ಕಿರ್ದಿಯೂ ಹೋಗುತ್ತದೆ, ಪಟ್ಟಿಯಲ್ಲಿ ಹೆಸರು ಮಾತ್ರ ನೇತಾಡುತ್ತದೆ.
3. ಒಮ್ಮೆ ರೀಸ್ಟಾರ್ಟ್ ಮಾಡಿ. ಬಳಕೆಯಲ್ಲಿದ್ದ ಫೈಲುಗಳು ಆಗ ಬಿಡುಗಡೆ ಆಗುತ್ತವೆ.
4. ವಿನ್‌ಡಿರ್‌ಸ್ಟ್ಯಾಟ್‌ನಂಥ ಉಚಿತ ಸಾಧನದಿಂದ ಯಾವ ಫೋಲ್ಡರ್ ಎಷ್ಟು ದಪ್ಪ ಇದೆ ಅಂತ ನೋಡಿ. ದೊಡ್ಡದರಿಂದ ಶುರು ಮಾಡಿ. ಹತ್ತು ಕೆಬಿ ಫೋಲ್ಡರ್ ಹಿಂದೆ ಅರ್ಧ ತಾಸು ಕಳೀಬೇಡಿ.
5. ಸಂಶಯ ಇರುವ ಫೋಲ್ಡರನ್ನು ಅಳಿಸದೆ ಹೆಸರು ಬದಲಿಸಿ ಒಂದು ವಾರ ಬಿಡಿ. ಏನೂ ಕೆಡದಿದ್ದರೆ ಆಮೇಲೆ ತೆಗೆಯಿರಿ.
6. ಸೆಟ್ಟಿಂಗ್ಸ್‌ನ ಸ್ಟೋರೇಜ್ ವಿಭಾಗದಲ್ಲಿ 'ಟೆಂಪರರಿ ಫೈಲ್ಸ್' ತೆರೆದು ಡೈರೆಕ್ಟ್‌ಎಕ್ಸ್ ಶೇಡರ್ ಕ್ಯಾಶ್ ತೆಗೆಯಿರಿ. ಅದೇ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಕೂಡ ಇರುತ್ತದೆ, ಅದರ ಮೇಲೆ ಟಿಕ್ ಬಿದ್ದಿಲ್ಲ ಅಂತ ಎರಡು ಸಲ ನೋಡಿ. ನಿಮ್ಮ ನೋಟ್ಸ್ ಅಲ್ಲೇ ಇರಬಹುದು.
7. ಕೊನೆಗೆ ರಿಸೈಕಲ್ ಬಿನ್ ಖಾಲಿ ಮಾಡಿ. ಅಲ್ಲಿವರೆಗೆ ಜಾಗ ವಾಪಸ್ ಬರುವುದಿಲ್ಲ.

ಲ್ಯಾಪ್‌ಟಾಪ್ ಜೂನಿಯರ್‌ಗೆ ಮಾರುವವರು, ರೂಮ್‌ಮೇಟ್ ಕಂಪ್ಯೂಟರಿನಲ್ಲಿ ಆಡಿದವರು ಇನ್ನೊಂದು ಕೆಲಸ ಮಾಡಬೇಕು. ಗೇಮ್ ತೆಗೆದರೂ ಲಾಂಚರಿನ ಲಾಗಿನ್ ಉಳಿದಿರುತ್ತದೆ. ಮೊದಲು ಸೈನ್ ಔಟ್ ಮಾಡಿ, ಆಮೇಲೆ ಲಾಂಚರ್ ತೆಗೆಯಿರಿ. ಮಾರುವುದಾದರೆ ಹುಡುಕಿ ತೆಗೆಯುವ ಗೋಜೇ ಬೇಡ: ನಿಮ್ಮ ಫೈಲುಗಳನ್ನು ಬೇರೆಡೆ ಇಟ್ಟುಕೊಂಡು, 'ರೀಸೆಟ್ ದಿಸ್ ಪಿಸಿ'ಯಲ್ಲಿ 'ರಿಮೂವ್ ಎವೆರಿಥಿಂಗ್' ಆರಿಸಿ, ಡ್ರೈವ್ ಪೂರ್ತಿ ಸ್ವಚ್ಛ ಮಾಡಿ ಕೊಡಿ.