ಅಡುಗೆಮನೆಗೂ ಬರಲಿ ಹಾಡು

ಹಾಲ್‌ನಲ್ಲಿ ಕಂಪ್ಯೂಟರ್, ಅಡುಗೆಮನೆಯಲ್ಲಿ ನಾವು. ಹಾಡು ಕೇಳೋದು ಹೇಗೆ? ಪುಟ್ಟ ಬ್ಲೂಟೂತ್ ಸ್ಪೀಕರ್ ತಂದೆ. ಎರಡೇ ದಿನಕ್ಕೆ ಹಾಡು ತುಂಡು ತುಂಡಾಗಿ ಬರತೊಡಗಿತು. "ದುಡ್ಡು ದಂಡ" ಅಂದರು ಅತ್ತೆ. ವಾಪಸ್ ಕೊಡೋಣ ಅಂತ ಹೊರಟವಳಿಗೆ ಹೊಳೆಯಿತು, ಮೈಕ್ರೋವೇವ್ ಓಡುವಾಗ ಮಾತ್ರ ಈ ಕಾಟ! ಎರಡೂ ಬಳಸೋದು 2.4 ಗಿಗಾಹರ್ಟ್ಸ್ ಆಸುಪಾಸಿನ ಅಲೆಗಳನ್ನೇ. ಸ್ಪೀಕರನ್ನು ಅದರಿಂದ ದೂರ, ಬಾಗಿಲ ಬಳಿ ಇಟ್ಟೆ, ಸರಿಹೋಯಿತು.

ನೀವೂ ಗಮನಿಸಿ: ಸ್ಪೀಕರಿನ ಬ್ಲೂಟೂತ್ ಗುಂಡಿ ಒತ್ತಿ ಹಿಡಿದು, ಕಂಪ್ಯೂಟರಿನ ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ ಅದರ ಹೆಸರು ಆರಿಸಿ. ಸಾಮಾನ್ಯವಾಗಿ ಸುಮಾರು 10 ಮೀಟರ್ ತನಕ ಕೇಳುತ್ತೆ. ಗೋಡೆ ಅಡ್ಡ ಬಂದರೆ ಇನ್ನೂ ಕಡಿಮೆ. ಶಬ್ದವೇ ಇಲ್ಲವೇ? ಸ್ಪೀಕರ್ ಮಗನ ಮೊಬೈಲಿಗೆ ಅಂಟಿಕೊಂಡಿದೆಯೇ, ನೋಡಿ. ದೂರದ ಕೋಣೆಗಾದರೆ ವೈಫೈ ಸ್ಪೀಕರೇ ಮೇಲು.

ಈಗ ಅತ್ತೆಯೇ ಕೂಗುತ್ತಾರೆ, "ದೇವರನಾಮ ಹಾಕಮ್ಮ!"